ಇಳಿಯುವ ಲೈಪೇಸ್, ಏರುವ ಯೂರಿಯಾ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ಕಾಯಿಲೆಯ ಸುತ್ತ ಇವೆ. ಮೇದೋಜೀರಕ ಗ್ರಂಥಿಯ ಉರಿಯೂತ. ಆಸ್ಪತ್ರೆಯವರ ಬಾಯಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಹೀಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವಿಷ್ಟನ್ನೇ ತೆಗೆದುಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡೊಂಬಿವಲಿ ಪೂರ್ವದಲ್ಲಿ 32 ವರ್ಷ ರಕ್ತ ಪರೀಕ್ಷೆಯ ಲ್ಯಾಬ್ ನಡೆಸಿದವಳು. ಮದ್ದು ಬರೆಯುವ ಡಾಕ್ಟರಲ್ಲ, ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು. ಆದ್ದರಿಂದ ನನ್ನ ಉತ್ತರಗಳು ಸ್ವಲ್ಪ ಟ್ಯೂಬಿನ ಕಡೆಗೇ ವಾಲುತ್ತವೆ. ಇನ್ನೊಂದು, ಈಗ ನೋವಿನಲ್ಲಿ ಇರುವವರು ಪತ್ರ ಬರೆದು ಕಾಯಬಾರದು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ (ಮೀರಾ ರೋಡಿನ ಹೋಟೆಲ್ ಮಾಲೀಕರು): ನನ್ನ ಭಾವನಿಗೆ ರಾತ್ರಿ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಮೊದಲ ದಿನ ರಕ್ತದಲ್ಲಿ ಲೈಪೇಸ್ (ಮೇದೋಜೀರಕ ಗ್ರಂಥಿಯ ಜೀರ್ಣರಸದ ಒಂದು ಕಿಣ್ವ) 2,800. ಮೂರನೇ ದಿನ 640ಕ್ಕೆ ಇಳಿಯಿತು. ಅದೇ ದಿನ ಅವರನ್ನು ವಾರ್ಡಿನಿಂದ ಐಸಿಯುಗೆ ಹಾಕಿದರು! ಈಗ ಮನೆಗೆ ಬಂದು ಚೆನ್ನಾಗಿದ್ದಾರೆ. ಆದರೆ ಕಾಯಿಲೆ ಇಳಿಯುತ್ತಿರುವಾಗ ಐಸಿಯು ಯಾಕೆ, ಬಿಲ್ ಏರಿಸೋದಕ್ಕಾ ಅಂತ ಮನೆಯಲ್ಲಿ ಇನ್ನೂ ಚರ್ಚೆ ನಿಂತಿಲ್ಲ.

ಉತ್ತರ: ಬಿಲ್ ನಾನು ನೋಡಿಲ್ಲ, ಅದರ ಬಗ್ಗೆ ಹೇಳಲಾರೆ. ಆದರೆ ಲೈಪೇಸ್ ಇಳಿದ ಮಾತ್ರಕ್ಕೆ ಕಾಯಿಲೆ ಇಳಿಯಿತು ಅಂತ ಅಲ್ಲ. ಈ ತಪ್ಪು ನಿಮ್ಮ ಮನೆಯವರು ಮಾತ್ರ ಮಾಡಿದ್ದಲ್ಲ. ನಾನೂ ಮಾಡಿದ್ದೇನೆ, ಅದೂ ಸ್ವಂತ ತಮ್ಮನ ವಿಷಯದಲ್ಲಿ.

1998ರ ಮಳೆಗಾಲ. ತಮ್ಮ ಧಾರವಾಡದಿಂದ ನಮ್ಮ ಮನೆಗೆ ಬಂದಿದ್ದ. ಅವನಿಗೆ ಆಗ 41. ಕಲ್ಯಾಣದಲ್ಲಿ ನೆಂಟರ ಮನೆಯಲ್ಲಿ ಸೀಮಂತದ ಊಟ. ಹೋಳಿಗೆ, ಮೇಲೆ ತುಪ್ಪ, ಬಜ್ಜಿ. ರಾತ್ರಿ ಒಂದು ಗಂಟೆಗೆ ಎದ್ದು ಕೂತುಬಿಟ್ಟ. ಮೇಲುಹೊಟ್ಟೆಯಲ್ಲಿ ಶುರುವಾದ ನೋವು ಬೆನ್ನಿಗೆ ಇರಿಯುತ್ತಿತ್ತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಒಂಚೂರು ಕಡಿಮೆ. ನಾನೇ ರಕ್ತ ತೆಗೆದೆ. ಛತ್ರಿ ಹಿಡಿದು ಹೋಗಿ ಲ್ಯಾಬಿನ ಶಟರ್ ಎತ್ತಿ ಮಷೀನ್ ಹಾಕಿದೆ. ಆಗ ನಮ್ಮಲ್ಲಿ ಲೈಪೇಸ್ ಇರಲಿಲ್ಲ, ಅದೇ ಗ್ರಂಥಿಯ ಇನ್ನೊಂದು ಕಿಣ್ವ ಅಮೈಲೇಸ್ ಮಾತ್ರ. 100ರ ಒಳಗಿರಬೇಕಾದದ್ದು 1,900 ಬಂತು. ಬೆಳಗಾಗುವ ಮೊದಲೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು.

ಎರಡನೇ ದಿನ 900. ಮೂರನೇ ದಿನ 310. ನಾನು ಅವ್ವನಿಗೆ ಫೋನ್ ಮಾಡಿ, "ಇಳೀಲಿಕತ್ತೇದ ಅವ್ವಾ, ಚಿಂತಿ ಮಾಡಬ್ಯಾಡ" ಅಂದೆ. ಅವಳು ಹನುಮಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಸಂಜೆ ರೌಂಡಿಗೆ ಬಂದ ವಯಸ್ಸಾದ ಫಿಜಿಷಿಯನ್ ಫೈಲ್ ತಿರುವಿ, ಅಮೈಲೇಸ್ ಕಡೆ ಕಣ್ಣೂ ಹಾಯಿಸದೆ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಯೂರಿಯಾ, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, 34, 52, 78. ರಕ್ತ ಎಷ್ಟು ಗಟ್ಟಿ ಅಂತ ತೋರಿಸುವ ಪಿಸಿವಿ ಮೊದಲ ದಿನ 48, ಇಷ್ಟೆಲ್ಲ ಸಲೈನ್ ಹೋದ ಮೇಲೂ 49. ಕ್ಯಾಲ್ಸಿಯಂ 7.1. "ಮೇಡಂ, ನೀವು ಮೇಲಿನ ಸಾಲು ಓದ್ತಾ ಇದೀರಿ" ಅಂದರು ಮರಾಠಿಯಲ್ಲಿ. ಅಷ್ಟೇ. ಆ ರಾತ್ರಿಯೇ ತಮ್ಮನಿಗೆ ಉಸಿರಾಟ ಕಷ್ಟವಾಗಿ ಐಸಿಯುಗೆ ಹೋದ. ಐದು ವಾರ ಆಸ್ಪತ್ರೆ. ಬದುಕಿದ. ಆ ಆಸ್ಪತ್ರೆಯ ರಕ್ತವೆಲ್ಲ ನಮ್ಮ ಲ್ಯಾಬಿಗೇ ಬರುತ್ತಿತ್ತು. ಮೂರೂ ರಿಪೋರ್ಟಿನ ಕೆಳಗೆ ಇದ್ದದ್ದು ನನ್ನದೇ ಸಹಿ.

ಈಗ ಒಳಗೆ ಏನು ನಡೆಯುತ್ತದೆ ನೋಡಿ. ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಮಲಗಿರುತ್ತದೆ. ಗೇಣಿಗಿಂತ ಚಿಕ್ಕದು. ಊಟ ಅರಗಿಸುವ ರಸ ಅಲ್ಲಿ ತಯಾರಾಗುತ್ತದೆ. ಆ ರಸ ಕರುಳಿಗೆ ಇಳಿದ ಮೇಲೆ ಕೆಲಸ ಶುರು ಮಾಡಬೇಕು. ಕಲ್ಲು ಅಡ್ಡ ಬಂದೋ, ಕುಡಿತದಿಂದಲೋ ಅದು ಗ್ರಂಥಿಯೊಳಗೇ ಕೆಲಸ ಶುರು ಹಚ್ಚಿಕೊಂಡರೆ ಗ್ರಂಥಿ ತನ್ನನ್ನೇ ಅರಗಿಸಿಕೊಳ್ಳುತ್ತದೆ. ಅಮೈಲೇಸ್, ಲೈಪೇಸ್ ಆಗ ರಕ್ತಕ್ಕೆ ಸೋರುತ್ತವೆ. ಈ ಸೋರಿಕೆ ಮೊದಲ ಕೆಲವು ಗಂಟೆಯ ಮಾತು. ಅಮೈಲೇಸ್ ಮೂರರಿಂದ ಐದು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಲೈಪೇಸ್ ಒಂದೆರಡು ವಾರ ತೆಗೆದುಕೊಳ್ಳುತ್ತದೆ. ರೋಗಿ ಚೇತರಿಸಿಕೊಂಡರೂ ಇಳಿಯುತ್ತದೆ, ಹದಗೆಟ್ಟರೂ ಇಳಿಯುತ್ತದೆ. ಎತ್ತರವೂ ಅಷ್ಟೇ. 5,000 ಬಂದವರು ನಾಲ್ಕನೇ ದಿನ ಇಡ್ಲಿ ತಿಂದು ಮನೆಗೆ ಹೋಗಿದ್ದನ್ನು ನೋಡಿದ್ದೇನೆ. 500 ಬಂದವರು ವೆಂಟಿಲೇಟರಿಗೆ ಹೋಗಿದ್ದನ್ನೂ ನೋಡಿದ್ದೇನೆ. ಬಾಗಿಲು ಬಡಿದವರು ಯಾರು ಅಂತ ಲೈಪೇಸ್ ಹೇಳುತ್ತದೆ. ಅವರು ಎಷ್ಟು ದಿನ ಇರುತ್ತಾರೆ ಅಂತ ಹೇಳುವುದಿಲ್ಲ. ಒಮ್ಮೆ ಕಾಯಿಲೆ ಗೊತ್ತಾದ ಮೇಲೆ ದಿನಾ ಲೈಪೇಸ್ ಮಾಡಿಸುವುದು ದಂಡ. ಲ್ಯಾಬ್ ನಡೆಸಿದವಳೇ ಹೇಳ್ತಿದ್ದೇನೆ, ಆ ದುಡ್ಡು ನಾನೂ ಎಣಿಸಿದ್ದೇನೆ.

ತೊಂದರೆ ಕೊಡುವುದು ಎರಡನೇ ಸೋರಿಕೆ. ಉರಿಯೂತ ಜೋರಾದರೆ ಮೈಯ ಸಣ್ಣ ರಕ್ತನಾಳಗಳೆಲ್ಲ ಜರಡಿಯ ಹಾಗಾಗುತ್ತವೆ. ರಕ್ತದ ನೀರು ಹೊಟ್ಟೆಯೊಳಗೆ, ಪುಪ್ಪುಸದ ಸುತ್ತ ಇಳಿಯುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವುದೇ ಪಿಸಿವಿ. ಕೆಲವು ರಿಪೋರ್ಟಿನಲ್ಲಿ ಹಿಮಟೋಕ್ರಿಟ್ ಅಂತ ಇರುತ್ತದೆ. ಮೊದಲ ದಿನ ಅದು 44ಕ್ಕಿಂತ ಮೇಲಿದ್ದು, ಸಲೈನ್ ಕೊಟ್ಟು 24 ಗಂಟೆಯಾದರೂ ಇಳಿಯಲಿಲ್ಲ ಅಂದರೆ ಗ್ರಂಥಿಯ ಒಂದು ಭಾಗ ಕೊಳೆಯುವ ಭಯ ಜಾಸ್ತಿ. ಕಿಡ್ನಿಗೆ ರಕ್ತ ಸಾಲದೆ ಬಂದರೆ ಯೂರಿಯಾ ಏರುತ್ತದೆ, ಅದರ ಹಿಂದೆ ಕಿಡ್ನಿಯ ಇನ್ನೊಂದು ಅಳತೆ ಕ್ರಿಯಾಟಿನಿನ್. ಅಮೆರಿಕದ ಆಸ್ಪತ್ರೆಗಳ ಸಾವಿರಾರು ರೋಗಿಗಳ ದಾಖಲೆ ನೋಡಿ 2009ರಲ್ಲಿ ಒಂದು ಅಧ್ಯಯನ ಬಂತು. ಮೊದಲ 24 ಗಂಟೆಯಲ್ಲಿ ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ ಲೆಕ್ಕ ಹಾಕಿದ ಸಂಖ್ಯೆ) 5 ಅಂಕ ಏರಿದರೆ ಸಾವಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ಅದರಲ್ಲಿ ಕಂಡುಬಂತು. ಎಲ್ಲ ಲ್ಯಾಬಿನಲ್ಲೂ ಸಿಗುವ, ತೀರಾ ಅಗ್ಗದ ಪರೀಕ್ಷೆ ಇದು.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಪುಸ್ತಕಗಳಲ್ಲಿ ಇರುವುದು ಬಿಯುಎನ್. ನಮ್ಮ ಲ್ಯಾಬುಗಳು ಹೆಚ್ಚಾಗಿ ಕೊಡುವುದು ಬ್ಲಡ್ ಯೂರಿಯಾ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್. ಅಂದರೆ ಪುಸ್ತಕದಲ್ಲಿ "20 ದಾಟಿದರೆ ಎಚ್ಚರ" ಅಂತಿದ್ದರೆ ನಿಮ್ಮ ರಿಪೋರ್ಟಿನಲ್ಲಿ ಅದು ಸುಮಾರು 43. ಇಂಟರ್ನೆಟ್ಟಿನಲ್ಲಿ 20 ನೋಡಿ, ಕೈಯಲ್ಲಿದ್ದ 30 ಯೂರಿಯಾ ನೋಡಿ, ರಾತ್ರಿಯಿಡೀ ಅತ್ತ ಒಬ್ಬ ಹೆಂಗಸು ನಮ್ಮ ಲ್ಯಾಬಿಗೆ ಬಂದಿದ್ದರು. ಅವರ ಗಂಡನ ಯೂರಿಯಾ ಪೂರ್ತಿ ಸರಿ ಇತ್ತು.

ಪಿಸಿವಿಗೂ ಇಂಥದ್ದೇ ತಕರಾರು. ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಹಿಮೋಗ್ಲೋಬಿನ್ 9 ಇರುತ್ತದೆ. ಅವರ ಪಿಸಿವಿ ದಿನವೂ 27, 28. ಅಂಥವರಿಗೆ 37 ಬಂದರೆ ರಿಪೋರ್ಟಿನಲ್ಲಿ ಅದು ಮಿತಿಯ ಒಳಗೇ ಕಾಣುತ್ತದೆ, ದಪ್ಪಕ್ಷರ ಬರುವುದಿಲ್ಲ. ಆದರೆ ಅವರ ರಕ್ತ ಆಗಲೇ ಗಟ್ಟಿಯಾಗಿದೆ. ಹಳೆಯ ರಿಪೋರ್ಟ್ ಇದ್ದರೆ ಮಾತ್ರ ಇದು ತಿಳಿಯುತ್ತದೆ. ಆಸ್ಪತ್ರೆಗೆ ಓಡುವಾಗ ಆ ಹಳೆಯ ಫೈಲ್ ಜೊತೆಗೆ ಹಿಡಿದುಕೊಳ್ಳಿ.

ತಮ್ಮನ ಕ್ಯಾಲ್ಸಿಯಂ 7.1 ಯಾಕಾಯಿತು ಅಂತ ಕೇಳುತ್ತೀರಿ. ಸೋರಿದ ಲೈಪೇಸ್ ಹೊಟ್ಟೆಯೊಳಗಿನ ಕೊಬ್ಬನ್ನು ಒಡೆಯುತ್ತದೆ. ಒಡೆದ ಕೊಬ್ಬು ಕ್ಯಾಲ್ಸಿಯಂ ಹಿಡಿದುಕೊಂಡು ಸಾಬೂನಾಗುತ್ತದೆ. ಉಪಮೆ ಅಲ್ಲ, ನಿಜವಾಗಿಯೂ ಸಾಬೂನು. ಆಪರೇಷನ್ ಮಾಡುವವರಿಗೆ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ಕಡಿಮೆಯಾದರೂ ಕ್ಯಾಲ್ಸಿಯಂ ಕಡಿಮೆ ತೋರುತ್ತದೆ, ಆದ್ದರಿಂದ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು.

ನಿಮ್ಮ ಭಾವನವರ ಫೈಲಿನಲ್ಲಿ ಲೈಪೇಸ್ ಬಿಟ್ಟು ಕೆಳಗಿನ ಸಾಲು ನೋಡಿ. ಮೊದಲ ದಿನದ ಯೂರಿಯಾ, ಎರಡನೇ ದಿನದ ಯೂರಿಯಾ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತ ಲೋಕಲ್ಲನ್ನು ನೋಡಿದರೆ ಅದು ಕಲ್ಯಾಣದ ಕಡೆ ಹೋಗುತ್ತಾ, ಸಿಎಸ್‌ಎಂಟಿ ಕಡೆ ಹೋಗುತ್ತಾ ಗೊತ್ತಾಗಲ್ಲ. ಹೊರಟ ಮೇಲೆ ಗೊತ್ತಾಗುತ್ತದೆ. ಒಂದು ರಿಪೋರ್ಟ್ ಅಂದರೆ ನಿಂತ ಗಾಡಿ. ಐಸಿಯುಗೆ ಹಾಕಿದವರು ಬಹುಶಃ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಯೂರಿಯಾ ಏರಿದ್ದರೆ ಮನೆಯ ಚರ್ಚೆ ನಿಲ್ಲಿಸಿಬಿಡಿ.

ಪ್ರಶ್ನೆ (ಪುಣೆಯ ಸಾಫ್ಟ್‌ವೇರ್ ಎಂಜಿನಿಯರ್): ನಮ್ಮ ಮಾವನವರಿಗೆ ಪ್ಯಾಂಕ್ರಿಯಾಟೈಟಿಸ್ ಆದಾಗ ಮೊದಲ ದಿನ ಉರಿಯೂತ ತೋರಿಸುವ ಸಿಆರ್‌ಪಿ 6 ಇತ್ತು. ಬೇರೆ ಆಸ್ಪತ್ರೆಗೆ ಸಾಗಿಸಿದ ಮೇಲೆ ಮೂರನೇ ದಿನ 18. ಮೂರು ಪಟ್ಟು ತಾನೇ ಅಂತ ನಾನು ಸುಮ್ಮನಿದ್ದೆ. ಆದರೆ ಅಲ್ಲಿನ ಡಾಕ್ಟರು ಗಾಬರಿಯಾದರು. ಕಾಯಿಲೆ ಎಷ್ಟು ಜೋರಾಗಬಹುದು ಅನ್ನುವ ಸ್ಕೋರನ್ನು ಫೋನಿನಲ್ಲಿ ನಾನೇ ಲೆಕ್ಕ ಹಾಕಿದರೆ 2 ಬಂದಿತ್ತು. ಇಷ್ಟೆಲ್ಲ ಟೆಸ್ಟ್ ಇದ್ದರೂ ಮೊದಲ ದಿನವೇ ಖಚಿತವಾಗಿ ಹೇಳಲು ಆಗುವುದಿಲ್ಲವೇ?

ಉತ್ತರ: ನೀವು ಕಳಿಸಿದ ಎರಡೂ ರಿಪೋರ್ಟಿನ ಫೋಟೋ ನೋಡಿದೆ. ಸಂಖ್ಯೆಯ ಪಕ್ಕದ ಸಣ್ಣ ಅಕ್ಷರ ನೀವು ನೋಡಿಲ್ಲ. ಮೊದಲನೆಯದು ಲೀಟರಿಗೆ 6 ಮಿಲಿಗ್ರಾಂ. ಎರಡನೆಯದು ಡೆಸಿಲೀಟರಿಗೆ 18 ಮಿಲಿಗ್ರಾಂ. ಅಂದರೆ ಲೀಟರಿಗೆ 180. ಏರಿದ್ದು ಮೂರು ಪಟ್ಟಲ್ಲ, ಮೂವತ್ತು ಪಟ್ಟು. ಕೋಡಿನಲ್ಲಿ ಯೂನಿಟ್ ತಪ್ಪಿದರೆ ನೀವು ಬಿಡ್ತೀರಾ? ಬೈಯುತ್ತಿಲ್ಲ, ಈ ತಪ್ಪು ಡಾಕ್ಟರುಗಳೂ ಮಾಡುತ್ತಾರೆ. ಎರಡು ಲ್ಯಾಬ್ ಎರಡು ಅಳತೆಯಲ್ಲಿ ಕೊಟ್ಟರೆ ಯಾರೂ ಎಡವಬಹುದು.

ಸಿಆರ್‌ಪಿಯನ್ನು ತಯಾರಿಸುವುದು ಲಿವರ್. ಮೈಯಲ್ಲಿ ಉರಿ ಎದ್ದ ಸುದ್ದಿ ಮುಟ್ಟಿ, ಲಿವರ್ ಅದನ್ನು ಮಾಡಿ ರಕ್ತಕ್ಕೆ ಬಿಡುವುದಕ್ಕೆ ಹೊತ್ತು ಬೇಕು. ಅದಕ್ಕೇ ಮೊದಲ ದಿನದ ಸಿಆರ್‌ಪಿಗೆ ಬೆಲೆ ಕಡಿಮೆ. 48 ಗಂಟೆಯ ಹೊತ್ತಿಗೆ ಲೀಟರಿಗೆ 150 ದಾಟಿದರೆ ಕಾಯಿಲೆ ಜೋರಿನದು ಅಂತ ತಿಳಿಯುವುದು ವಾಡಿಕೆ. ನಿಮ್ಮ ಮಾವನವರದು ದಾಟಿತ್ತು. ಡಾಕ್ಟರು ಗಾಬರಿಯಾದದ್ದು ಸರಿಯೇ. ಅಂದಹಾಗೆ ಸಿಆರ್‌ಪಿ ಪ್ಯಾಂಕ್ರಿಯಾಸಿನ ಸ್ವಂತ ಪರೀಕ್ಷೆ ಅಲ್ಲ. 1930ರಲ್ಲಿ ಅದನ್ನು ಕಂಡುಹಿಡಿದದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಮೈಯಲ್ಲಿ ಎಲ್ಲಿ ಬೆಂಕಿ ಬಿದ್ದರೂ ಅದು ಏರುತ್ತದೆ.

ಸ್ಕೋರುಗಳ ಕತೆ ಹಳೆಯದು. ನ್ಯೂಯಾರ್ಕಿನ ಸರ್ಜನ್ ಜಾನ್ ರಾನ್ಸನ್ 1974ರಲ್ಲಿ 11 ಅಂಶಗಳ ಪಟ್ಟಿ ಕೊಟ್ಟರು. ವಯಸ್ಸು, ಬಿಳಿಕಣ, ಸಕ್ಕರೆ, ಜೊತೆಗೆ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎಲ್‌ಡಿಎಚ್, ಎಸ್‌ಜಿಒಟಿ ಮೊದಲೇ ನೋಡುವಂಥವು. ಉಳಿದ ಆರಕ್ಕೆ 48 ಗಂಟೆ ಕಾಯಬೇಕು. ನಾವು ಹುಬ್ಬಳ್ಳಿಯಲ್ಲಿ ಓದುವಾಗ ಅದನ್ನು ಬಾಯಿಪಾಠ ಮಾಡಿದ್ದೆವು, ಮಗ್ಗಿಯ ಹಾಗೆ. ಆದರೆ ಎರಡು ದಿನ ಕಾದು ಭವಿಷ್ಯ ಹೇಳಿದರೆ ಅದೇನು ಭವಿಷ್ಯ, ಅಲ್ವಾ? 2008ರಲ್ಲಿ ಬೈಸ್ಯಾಪ್ ಅನ್ನುವ ಚಿಕ್ಕ ಪಟ್ಟಿ ಬಂತು. ನೀವು ಫೋನಿನಲ್ಲಿ ಹಾಕಿದ್ದು ಅದೇ ಇರಬೇಕು. ಬಿಯುಎನ್ 25 ದಾಟಿದೆಯಾ, ರೋಗಿ ಮಂಕಾಗಿದ್ದಾರಾ, ಜ್ವರ, ನಾಡಿ, ಉಸಿರು, ಬಿಳಿಕಣ ಇವುಗಳಲ್ಲಿ ಎರಡಾದರೂ ಕೆಟ್ಟಿವೆಯಾ, ವಯಸ್ಸು 60 ದಾಟಿದೆಯಾ, ಪುಪ್ಪುಸದ ಸುತ್ತ ನೀರಿದೆಯಾ. ಒಂದೊಂದಕ್ಕೆ ಒಂದು ಅಂಕ. 3 ಮತ್ತು ಮೇಲೆ ಬಂದರೆ ಅಪಾಯ ಜಾಸ್ತಿ.

ನಿಮಗೆ 2 ಬಂತು, ಆದರೂ ಮಾವನವರಿಗೆ ತ್ರಾಸಾಯಿತು. ಈ ಪಟ್ಟಿಗಳೆಲ್ಲದರ ದೌರ್ಬಲ್ಯ ಇದೇ. ಯಾರಿಗೆ ಏನೂ ಆಗುವುದಿಲ್ಲ ಅನ್ನುವುದನ್ನು ಚೆನ್ನಾಗಿ ಹೇಳುತ್ತವೆ. ಯಾರಿಗೆ ಆಗುತ್ತದೆ ಅನ್ನುವುದರಲ್ಲಿ ಅಷ್ಟು ಚೆನ್ನಾಗಿಲ್ಲ. ಐದರಲ್ಲಿ ನಾಲ್ಕು ಮಂದಿಗೆ ಈ ಕಾಯಿಲೆ ಸೌಮ್ಯವಾಗಿಯೇ ಬಂದು ಹೋಗುತ್ತದೆ. ಉಳಿದವರನ್ನು ಮೊದಲ ದಿನವೇ ಬೆರಳಿಟ್ಟು ತೋರಿಸುವ ಒಂದೇ ಒಂದು ಪರೀಕ್ಷೆ ಈವರೆಗೆ ಇಲ್ಲ. ಈ ಕಾಯಿಲೆಯನ್ನು ಸೌಮ್ಯ, ಮಧ್ಯಮ, ತೀವ್ರ ಅಂತ ವಿಂಗಡಿಸುವ, 2012ರಲ್ಲಿ ತಿದ್ದಿದ ಅಟ್ಲಾಂಟಾ ವರ್ಗೀಕರಣವೂ ಅಳೆಯುವುದು ಗಡಿಯಾರ ಹಿಡಿದೇ. ಕಿಡ್ನಿ, ಪುಪ್ಪುಸ, ರಕ್ತದೊತ್ತಡ ಕೆಟ್ಟು 48 ಗಂಟೆಯೊಳಗೆ ಸರಿಹೋದರೆ ಮಧ್ಯಮ, ದಾಟಿದರೆ ತೀವ್ರ.

ಹಾಗಾದರೆ ಈ ಮುನ್ಸೂಚನೆಯಿಂದ ಏನು ಉಪಯೋಗ? ಯಾವ ಬೆಡ್ಡು, ಎಷ್ಟು ಸಲೈನ್, ಮತ್ತೆ ರಕ್ತ ಎಷ್ಟು ಗಂಟೆಗೆ. ಇಷ್ಟು ತೀರ್ಮಾನ ಮಾಡಲಿಕ್ಕೆ. ಸಲೈನಿನ ವಿಷಯದಲ್ಲಂತೂ ಇದು ಮುಖ್ಯ. ನಮ್ಮ ಕಾಲದಲ್ಲಿ ಬಾಟಲಿ ಮೇಲೆ ಬಾಟಲಿ ಸುರಿಯುತ್ತಿದ್ದರು. ಸ್ಪೇನ್, ಇಟಲಿ, ಮೆಕ್ಸಿಕೊ ಜೊತೆಗೆ ನಮ್ಮ ದೇಶದ ಆಸ್ಪತ್ರೆಗಳೂ ಸೇರಿ ಮಾಡಿದ ವಾಟರ್‌ಫಾಲ್ ಎಂಬ ಪ್ರಯೋಗದ ಫಲ 2022ರಲ್ಲಿ ಬಂತು. ಧಾರಾಳವಾಗಿ ಸುರಿದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಮೈಯಲ್ಲಿ ನೀರು ಹೆಚ್ಚಾಯಿತು. ಹಿಡಿತದಲ್ಲಿ ಕೊಟ್ಟವರಲ್ಲಿ ಸುಮಾರು 6 ಮಂದಿಗೆ. ಸುರಿದದ್ದರಿಂದ ಲಾಭ ಏನೂ ಕಾಣಲಿಲ್ಲ. ಅದಕ್ಕೇ ಈಗ ಯೂರಿಯಾ, ಪಿಸಿವಿ, ಮೂತ್ರದ ಲೆಕ್ಕ ನೋಡಿಕೊಂಡು ನಲ್ಲಿ ತಿರುಗಿಸುತ್ತಾರೆ. ಕೆಲವು ಗಂಟೆಗೊಮ್ಮೆ ರಕ್ತ ತೆಗೆದರೆ ಸಿಡಿಮಿಡಿಗೊಳ್ಳಬೇಡಿ.

ಪ್ರಶ್ನೆ (ಗೋವಾದ ವಾಸ್ಕೋದಿಂದ ಒಬ್ಬ ಗೃಹಿಣಿ): ನಮ್ಮೂರು ಗದಗ ಕಡೆ. ನನ್ನ ಗಂಡ ಬಂದರಿನಲ್ಲಿ ಟಿಪ್ಪರ್ ಓಡಿಸುತ್ತಾರೆ, 36 ವರ್ಷ. ಕುಡಿತ ಇದೆ, ಸಕ್ಕರೆ ಕಾಯಿಲೆಯೂ ಇದೆ. ಹೊಟ್ಟೆನೋವಿಗೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಮೈಲೇಸ್ 96, ನಾರ್ಮಲ್, ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಪ್ಯಾಂಕ್ರಿಯಾಟೈಟಿಸ್ ಅಂದರು. ರಕ್ತ ಹಾಲಿನ ಹಾಗಿತ್ತಂತೆ. ಮೊದಲ ಲ್ಯಾಬಿನವರು ತಪ್ಪು ಮಾಡಿದರಾ?

ಉತ್ತರ: ತಂಗಿ, ಆ ಹಾಲಿನ ಬಣ್ಣದಲ್ಲೇ ನಿನ್ನ ಪ್ರಶ್ನೆಗೆ ಉತ್ತರ ಇದೆ.

ರಕ್ತವನ್ನು ಮಷೀನಿನಲ್ಲಿ ಗರಗರ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ. ಮೇಲೆ ತಿಳಿ ಹಳದಿ ಸೀರಮ್ ನಿಲ್ಲುತ್ತದೆ, ಬೇಳೆ ಕಟ್ಟಿನ ಬಣ್ಣ. ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ವಿಪರೀತ ಏರಿದವರಲ್ಲಿ ಅದು ಬೆಳ್ಳಗೆ, ಎಮ್ಮೆ ಹಾಲಿನಷ್ಟು ಮಂದ. ಫ್ರಿಜ್ಜಿನಲ್ಲಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ನಾನು ಮೊದಲ ಸಲ ನೋಡಿದಾಗ ನಮ್ಮ ಟೆಕ್ನಿಷಿಯನ್ ಹುಡುಗ ಟ್ಯೂಬಿಗೆ ಏನೋ ಚೆಲ್ಲಿದ್ದಾನೆ ಅಂತ ಬೈದಿದ್ದೆ, ಪಾಪ.

ಈ ಕೊಬ್ಬೇ ಕಾಯಿಲೆಯ ಕಾರಣ ಆಗಬಹುದು. ಡೆಸಿಲೀಟರಿಗೆ 1,000 ಮಿಲಿಗ್ರಾಂ ದಾಟಿದರೆ ಅಪಾಯ. ಕುಡಿತವೂ ಹಿಡಿತ ತಪ್ಪಿದ ಸಕ್ಕರೆಯೂ ಸೇರಿದರೆ ಅಲ್ಲಿಗೆ ಹೋಗುವುದು ಸುಲಭ. ಅದೇ ಕೊಬ್ಬು ಅಮೈಲೇಸ್ ಅಳೆಯುವುದಕ್ಕೂ ಅಡ್ಡಿ ಮಾಡುತ್ತದೆ, ಸುಳ್ಳು ನಾರ್ಮಲ್ ಬರುತ್ತದೆ. ಸ್ಯಾಂಪಲ್ಲಿಗೆ ನೀರು ಬೆರೆಸಿ ತೆಳು ಮಾಡಿ ಮತ್ತೆ ಅಳೆದರೆ ನಿಜ ಸಂಖ್ಯೆ ಹೊರಬರಬಹುದು. "ಸೀರಮ್ ಹಾಲಿನಂತಿದೆ" ಅಂತ ರಿಪೋರ್ಟಿನಲ್ಲಿ ಒಂದು ಸಾಲು ಬರೆದಿದ್ದರೂ ಸಾಕಿತ್ತು. ಬರೆಯದಿದ್ದದ್ದು ತಪ್ಪು ಅಂತ ನಾನು ಹೇಳುತ್ತೇನೆ. ಕ್ಲಿನಿಕ್ಕಿನವರಿಗೂ ಒಂದು ಮಾತು. ನೋವಿನ ಲಕ್ಷಣ, ಅಮೈಲೇಸ್ ಅಥವಾ ಲೈಪೇಸ್ ಮೂರು ಪಟ್ಟು, ಸ್ಕ್ಯಾನಿನಲ್ಲಿ ಕಾಣುವುದು, ಈ ಮೂರರಲ್ಲಿ ಎರಡು ಸಿಕ್ಕಿದರೆ ಕಾಯಿಲೆ ಇದೆ ಅಂತ ಲೆಕ್ಕ. ಅಮೈಲೇಸ್ ಒಂದೇ ನೋಡಿ ಇಲ್ಲ ಅನ್ನುವ ಹಾಗಿಲ್ಲ. ತುಂಬಾ ವರ್ಷ ಕುಡಿದವರಲ್ಲಿ ಗ್ರಂಥಿ ಸವೆದುಹೋಗಿ ಅಮೈಲೇಸ್ ಏರದೇ ಇರುವುದೂ ಉಂಟು.

ಮಂದ ರಕ್ತದಲ್ಲಿ ಸೋಡಿಯಂ ಕೂಡ ಸುಳ್ಳೇ ಕಡಿಮೆ ತೋರಿಸುತ್ತದೆ. ಟ್ರೈಗ್ಲಿಸರೈಡ್ ಅಳೆಯುವುದು ಮೊದಲ ದಿನವೇ ಆಗಬೇಕು. ಊಟ ನಿಲ್ಲಿಸಿದ ಒಂದೆರಡು ದಿನದಲ್ಲಿ ಅದು ಸರಸರ ಇಳಿಯುತ್ತದೆ. ಮೂರನೇ ದಿನ ನೋಡಿದರೆ ಕಾರಣವೇ ಕೈತಪ್ಪುತ್ತದೆ. ಈ ಕಾರಣದಿಂದ ಬಂದ ಪ್ಯಾಂಕ್ರಿಯಾಟೈಟಿಸ್ ಬೇರೆಯವಕ್ಕಿಂತ ಜೋರಾಗುವುದು ಜಾಸ್ತಿ, ಆದ್ದರಿಂದ ಯೂರಿಯಾ, ಆಕ್ಸಿಜನ್ ಮೇಲೆ ಕಣ್ಣಿಡಬೇಕು.

ಮನೆಗೆ ಬಂದ ಮೇಲೆ ಇರುವ ಕೆಲಸ: ಟ್ರೈಗ್ಲಿಸರೈಡ್ 500ರ ಕೆಳಗೆ ಇರಬೇಕು. ಮಾತ್ರೆ ಬಿಡಬಾರದು, ಸಕ್ಕರೆ ಹಿಡಿತದಲ್ಲಿರಬೇಕು. ಕುಡಿತ ಪೂರ್ತಿ ಬಿಡಬೇಕು. ಫೆಣಿ ಬಿಟ್ಟು ಬರೀ ಉರಾಕ್ (ಫೆಣಿಗಿಂತ ಹಗುರವಾದ ಗೋಡಂಬಿ ಹಣ್ಣಿನ ಮದ್ಯ) ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಮೀನು ಬಿಡಬೇಕಿಲ್ಲ, ಕರಿಯುವುದನ್ನು ಬಿಡಿ. ಅವರ ಅಣ್ಣತಮ್ಮಂದಿರಿದ್ದರೆ ಅವರೂ ಒಮ್ಮೆ ಖಾಲಿ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ ನೋಡಿಸಲಿ, ಇದು ಮನೆತನದಲ್ಲೂ ಬರುತ್ತದೆ.

ಪ್ರಶ್ನೆ (ಠಾಣೆಯ ಒಬ್ಬ ಯುವಕ): ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಲೈಪೇಸ್ 78 ಬಂದಿದೆ. ಮಿತಿ 60. ಹೊಟ್ಟೆನೋವು ಏನೂ ಇಲ್ಲ. ನನಗೂ ಬರುತ್ತದಾ?

ಉತ್ತರ: ಈ ಸಂಖ್ಯೆಯಿಂದ ಹಾಗೆ ಹೇಳಲು ಬರುವುದಿಲ್ಲ. ಮೂರು ಪಟ್ಟು ಅಂದರೆ 180, ಅದೂ ನೋವಿನ ಜೊತೆಗೆ. ನೋವಿಲ್ಲದವರಲ್ಲಿ ಅಷ್ಟಿಷ್ಟು ಏರುವುದಕ್ಕೆ ಕಿಡ್ನಿ, ಕೆಲವು ಮಾತ್ರೆ, ಏನೇನೋ ಕಾರಣ. ಪ್ಯಾಕೇಜಿನಲ್ಲಿ ಕ್ರಿಯಾಟಿನಿನ್ ಹೇಗೂ ಇರುತ್ತದೆ, ಅದರ ಜೊತೆ ಇದನ್ನು ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ. ಮುಂದಿನ ವರ್ಷ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ. ಅದೇ ದುಡ್ಡಿನಲ್ಲಿ ಟ್ರೈಗ್ಲಿಸರೈಡ್ ನೋಡಿಕೊಳ್ಳಿ.

ಪ್ರಶ್ನೆ (ಪುಣೆಯ ನಿವೃತ್ತ ಶಿಕ್ಷಕರು): ನನ್ನ ಹೆಂಡತಿಗೆ 62. ಪಿತ್ತಕೋಶದ ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ ಆಗಿ ಆರು ದಿನಕ್ಕೇ ಮನೆಗೆ ಬಂದಳು. ಮೊದಲ ದಿನ ಲಿವರ್ ಟೆಸ್ಟಿನ ಎಸ್‌ಜಿಪಿಟಿ 310 ಇತ್ತು. ಈಗ ಎಲ್ಲ ರಿಪೋರ್ಟೂ ನಾರ್ಮಲ್. ಆ್ಯಂಟಿಬಯಾಟಿಕ್ ಕೊಡಲಿಲ್ಲ, ಪ್ರೊಕ್ಯಾಲ್ಸಿಟೋನಿನ್ ಕಡಿಮೆ ಇದೆ ಅಂದರು. ಅದು ಸರಿಯೇ? ಪಿತ್ತಕೋಶ ತೆಗೆಸಬೇಕಂತೆ. ರಿಪೋರ್ಟ್ ಸರಿ ಇದೆಯಲ್ಲ, ಗಣಪತಿ ಹಬ್ಬ ಮುಗಿಸಿಕೊಂಡು ಮಾಡಿಸೋಣವೇ?

ಉತ್ತರ: ಮಾಸ್ತರರೇ, ಆ್ಯಂಟಿಬಯಾಟಿಕ್ ಕೊಡದಿದ್ದದ್ದು ಸರಿ. ಈ ಕಾಯಿಲೆ ಶುರುವಾಗುವುದು ಸೋಂಕಿನಿಂದ ಅಲ್ಲ. ಮುಂದೆ ಸೋಂಕು ಆಗದಿರಲಿ ಅಂತ ಮೊದಲೇ ಕೊಟ್ಟರೂ ಲಾಭ ಇಲ್ಲ. ಕೊಳೆತ ಭಾಗಕ್ಕೆ ಸೋಂಕು ತಗಲುವುದು ಸಾಮಾನ್ಯವಾಗಿ ಮೊದಲ ವಾರ ಕಳೆದ ಮೇಲೆ. ಆಗ ಜ್ವರ ಮತ್ತೆ ಬರುತ್ತದೆ, ಬಿಳಿಕಣ ಏರುತ್ತದೆ. ಸಿಆರ್‌ಪಿ ಅಷ್ಟು ಹೊತ್ತಿಗೆ ಹೇಗೂ ಎತ್ತರದಲ್ಲೇ ಇರುತ್ತದೆ, ಅದರಿಂದ ಬಿಡಿಸಿ ಹೇಳಲು ಕಷ್ಟ. ಅಲ್ಲಿ ಪ್ರೊಕ್ಯಾಲ್ಸಿಟೋನಿನ್ ಕೆಲಸಕ್ಕೆ ಬರುತ್ತದೆ, ಬ್ಯಾಕ್ಟೀರಿಯಾ ಇದ್ದರೆ ಅದು ಏರುತ್ತದೆ. ನಿಮ್ಮ ಮನೆಯವರಿಗೆ ಆ ತೊಂದರೆ ಆಗಿಲ್ಲ. ಆದರೂ ಜ್ವರ, ವಾಂತಿ, ಹೊಸದಾಗಿ ನೋವು ಬಂದರೆ ಆ ರಾತ್ರಿಯೇ ಹೋಗಿ.

ಎಸ್‌ಜಿಪಿಟಿ 310 ಒಳ್ಳೆಯ ಸುಳಿವು. ಮೊದಲೆರಡು ದಿನದಲ್ಲಿ ಅದು 150 ದಾಟಿದ್ದರೆ ಕಾರಣ ಕಲ್ಲು ಅನ್ನುವುದು ಬಹುಮಟ್ಟಿಗೆ ಖಚಿತ. ಕಲ್ಲು ಪಿತ್ತನಾಳದಲ್ಲಿ ಸಿಕ್ಕಿಕೊಂಡು, ಲಿವರಿಗೆ ಒತ್ತಡ ಬಿದ್ದು ಅದು ಏರುತ್ತದೆ. ಕಲ್ಲು ಜಾರಿ ಹೋದ ಮೇಲೆ ಇಳಿಯುತ್ತದೆ. ಈಗ ಎಲ್ಲ ನಾರ್ಮಲ್ ಅಂದರೆ ಆ ಒಂದು ಕಲ್ಲು ಹೋಯಿತು ಅಂತ ಅರ್ಥ. ಪಿತ್ತಕೋಶದಲ್ಲಿ ಉಳಿದ ಅದರ ಅಣ್ಣತಮ್ಮಂದಿರ ಬಗ್ಗೆ ರಕ್ತ ಏನೂ ಹೇಳುವುದಿಲ್ಲ.

ಸೌಮ್ಯ ಕಾಯಿಲೆಯಾಗಿದ್ದರೆ ಅದೇ ಅಡ್ಮಿಷನ್ನಿನಲ್ಲೇ ಪಿತ್ತಕೋಶ ತೆಗೆಯುವುದು ಒಳ್ಳೆಯದು. ನೆದರ್ಲೆಂಡ್ಸಿನಲ್ಲಿ ಮಾಡಿದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಮನೆಗೆ ಕಳಿಸಿ ನಾಲ್ಕು ವಾರದ ನಂತರ ತೆಗೆದವರಲ್ಲಿ ನೂರಕ್ಕೆ 17 ಮಂದಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆಗೆ ಬಂದರು. ಆಗಲೇ ತೆಗೆದವರಲ್ಲಿ 5. ಗ್ರಂಥಿಯ ಸುತ್ತ ನೀರು ನಿಂತಿದ್ದರೆ ಮಾತ್ರ ಸರ್ಜನ್ನರು ಕೆಲವು ವಾರ ಕಾಯುತ್ತಾರೆ. ನೀವು ಬರೆದದ್ದು ನೋಡಿದರೆ ಹಾಗಿರಲಿಲ್ಲ. ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ.

ಇನ್ಸುಲಿನ್ ತಯಾರಾಗುವುದೂ ಇದೇ ಗ್ರಂಥಿಯಲ್ಲಿ, ಆದ್ದರಿಂದ ಸಕ್ಕರೆಯನ್ನೂ ನೋಡಿಸುತ್ತಿರಿ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ನನ್ನ ತಮ್ಮನಿಗೆ ಆಸ್ಪತ್ರೆಯಿಂದ ಬಂದ ಮೂರು ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ಈಗಲೂ ಇನ್ಸುಲಿನ್ ಚುಚ್ಚಿಕೊಂಡೇ ಹೋಳಿಗೆಗೆ ಕೂರುತ್ತಾನೆ.

ಇನ್ನು ಗಣಪತಿ. ಗಣಪತಿ ಮುಗಿದ ಕೂಡಲೇ ಪಿತೃಪಕ್ಷ. ಆಗ ಎಲ್ಲರೂ ಆಪರೇಷನ್ ಬೇಡ ಅನ್ನುತ್ತಾರೆ. ಅದು ಮುಗಿದರೆ ನವರಾತ್ರಿ, ಅದರ ಹಿಂದೆ ದೀಪಾವಳಿ, ಮಕ್ಕಳು ಊರಿಗೆ ಬರುತ್ತಾರೆ. ನಮ್ಮ ಬಿಲ್ಡಿಂಗಿನ ಒಬ್ಬರು ಹೀಗೇ ಸಂಕ್ರಾಂತಿವರೆಗೆ ತಳ್ಳಿ, ಎಳ್ಳುಬೆಲ್ಲದ ದಿನ ಆಂಬುಲೆನ್ಸಿನಲ್ಲಿ ಹೋದರು. ಹಬ್ಬಕ್ಕೆ ಮೊದಲೇ ತಾರೀಖು ಸಿಕ್ಕಿದರೆ ತೆಗೆದುಕೊಂಡುಬಿಡಿ. ದೂರ್ಬೀನಿನ ಆಪರೇಷನ್, ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ಈ ಸಲ ಕರ್ಜಿಕಾಯಿ ಬಿಟ್ಟು ಆವಿಯಲ್ಲಿ ಬೇಯಿಸಿದ ಮೋದಕ ಮಾಡಿಸಿ. ಅವರಿಗೂ ಒಂದು ಕೊಡಿ, ಮೇಲೆ ತುಪ್ಪ ಮಾತ್ರ ಹಾಕಬೇಡಿ.